ಪಂಚಾಯ್ತಿ ಆಫೀಸಿನ ಸರ್ವಿಸ್ ರಿವ್ಯೂ: ಕೌಂಟರ್ ಒಂದೇ, ಹಿಂದೆ ಇಲಾಖೆ ಮೂರು

ಮೊದ್ಲೇ ಸ್ಟಾರ್ ಹೇಳ್ಬಿಡ್ತೀನಿ, ಪೂರ್ತಿ ಓದೋಕೆ ಟೈಮ್ ಇಲ್ದೋರು ಇಲ್ಲಿಗೇ ನಿಲ್ಲಿಸ್ಬಹುದು. ಗ್ರಾಮ ಪಂಚಾಯ್ತಿಯವ್ರೇ ಶುರು ಮಾಡಿ ಅವ್ರೇ ಮುಗಿಸೋ ಕೆಲ್ಸಕ್ಕೆ 5ಕ್ಕೆ 4. ಪಂಚಾಯ್ತಿಲಿ ಅರ್ಜಿ ಕೊಟ್ಟು ಅದು ರಾಜ್ಯ ಸರ್ಕಾರದ ಇನ್ನೊಂದು ಇಲಾಖೆಗೆ ಹೋಗಿ ವಾಪಸ್ ಬರ್ಬೇಕಾದ ಕೆಲ್ಸಕ್ಕೆ 2, ಅದೂ ಕಂಪ್ಯೂಟರ್ ಮುಂದೆ ಕೂತಿರೋ ಹುಡುಗಿ ಪಾಪ ಬೈಸ್ಕೊಂಡೂ ನಗ್ತಾ ಮಾತಾಡ್ತಾಳೆ ಅಂತ. ಯಾವ ಪಂಚಾಯ್ತಿ ಅಂತ ಹೇಳಲ್ಲ, ಅಲ್ಲಿ ಮೆಂಬರ್ ಆಗಿರೋರಲ್ಲಿ ಅರ್ಧ ಜನ ನಮ್ಗೆ ನೆಂಟ್ರೇ.

ನಾನು ಹೋಗಿದ್ದು ಅಪ್ಪನ ಹೆಸರಲ್ಲಿದ್ದ ಊರೊಳಗಿನ ಮನೆನ ಅಮ್ಮನ ಹೆಸರಿಗೆ ಮಾಡ್ಸಿ ಇ-ಖಾತೆ ತಗೊಳ್ಳೋಕೆ. ಇ-ಸ್ವತ್ತು ಅಂತ ಪಂಚಾಯ್ತಿಯ ಆನ್‌ಲೈನ್ ಸಿಸ್ಟಮ್ ಇದೆ, ಅದರಲ್ಲಿ ಹಳ್ಳಿ ಸೈಟು ಮನೆಗಳಿಗೆ ಫಾರಂ 9, ಫಾರಂ 11 ಅಂತ ಕೊಡ್ತಾರಲ್ಲ, ಇ-ಖಾತೆ ಅಂದ್ರೆ ಅದೇ. ಅದಿಲ್ದೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಏನೂ ನಡೆಯಲ್ಲ, ಯಾಕಂದ್ರೆ ಆಸ್ತಿ ನೋಂದಣಿ ಮಾಡೋ ಅವ್ರ ಕಾವೇರಿ ಸಾಫ್ಟ್‌ವೇರು ಇ-ಸ್ವತ್ತಿಗೆ ಲಿಂಕ್ ಆಗಿದೆ. ಈ ಲಿಂಕ್ ಮಾಡಿದ್ದು ಒಳ್ಳೇ ಕೆಲ್ಸಾನೇ, ಮೊದ್ಲು ಒಂದೇ ಸೈಟನ್ನ ಇಬ್ಬರಿಗೆ ಮಾರಿ ಕೈ ತೊಳ್ಕೊಳ್ತಿದ್ದೋರಿಗೆ ಈಗ ಅಷ್ಟು ಸಲೀಸಲ್ಲ.

ಆದ್ರೆ ಫೈಲ್ ಓಡಾಡೋ ದಾರಿ ನೋಡಿ. ಅಪ್ಪ ತೀರ್ಕೊಂಡಿದಾರೆ ಅಂದ್ರೆ ವಂಶವೃಕ್ಷ ಬೇಕು, ಅದನ್ನ ಕೊಡೋದು ನಾಡಕಚೇರಿ, ಅಂದ್ರೆ ಕಂದಾಯ ಇಲಾಖೆ, ವಿಎ, ಅಂದ್ರೆ ಈಗಿನ ಗ್ರಾಮ ಆಡಳಿತಾಧಿಕಾರಿ, ಬಂದು ಮಹಜರು ಮಾಡ್ಬೇಕು. ಮನೆ ಗ್ರಾಮಠಾಣದೊಳಗೆ, ಅಂದ್ರೆ ಊರಿನ ವಾಸದ ಜಾಗದೊಳಗೆ ಇದ್ರೆ ಸ್ಕೆಚ್ ಬೇಕು, ಅಳತೆ ಮಾಡೋನು ಸರ್ಕಾರಿ ಸರ್ವೆಯರ್, ಅವ್ನು ಭೂಮಾಪನ ಇಲಾಖೆಯೋನು. ಆ ಸ್ಕೆಚ್ಚು ವಾಪಸ್ ಬಂದ್ಮೇಲೆ ಪಂಚಾಯ್ತಿಲಿ ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಫೋಟೋ ಎಲ್ಲಾ ಎಂಟ್ರಿ ಮಾಡಿ ಪಿಡಿಓ, ಅಂದ್ರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಡಿಜಿಟಲ್ ಸೈನ್ ಹಾಕ್ಬೇಕು. ನಮ್ಮನೆ ಅಳೆಯೋಕೆ ಸರ್ವೆಯರ್ ಯಾವಾಗ ಬರ್ತಾನೆ ಅಂತ ಪಂಚಾಯ್ತಿಲಿ ಕೇಳಿದ್ರೆ ನಮ್ಗೇನ್ ಗೊತ್ತು ತಾಲ್ಲೂಕಾಫೀಸಲ್ಲಿ ಕೇಳಿ ಅಂತಾರೆ, ಅಲ್ಲಿ ಹೋದ್ರೆ ಇದು ಪಂಚಾಯ್ತಿ ಖಾತೆ ಅಲ್ವಾ ಅವ್ರನ್ನೇ ಕೇಳಿ ಅಂತಾರೆ, ಮಧ್ಯದಲ್ಲಿ ನಾವು ಮದುವೆ ಮಾತುಕತೆ ಬ್ರೋಕರ್ ಥರ ಇವ್ರ ಮಾತು ಅವ್ರಿಗೆ ಅವ್ರ ಮಾತು ಇವ್ರಿಗೆ ಹೇಳ್ಕೊಂಡು ಓಡಾಡ್ಬೇಕು. ಪಿಡಿಓ ಒಳ್ಳೇ ಮನುಷ್ಯ, ಆದ್ರೆ ಸರ್ವೆಯರ್‌ಗೆ ಬಾರಪ್ಪಾ ಅಂತ ಆರ್ಡರ್ ಮಾಡೋ ಪವರ್ ಅವ್ರಿಗೂ ಇಲ್ಲ, ಅಧ್ಯಕ್ಷರಿಗೂ ಇಲ್ಲ. ಅಧ್ಯಕ್ಷರು ಫೋನ್ ಮಾಡಿ ರಿಕ್ವೆಸ್ಟ್ ಮಾಡ್ಬಹುದು ಅಷ್ಟೇ. ಊರೋರು ಓಟು ಹಾಕಿ ಗೆಲ್ಸಿದ ಅಧ್ಯಕ್ಷರು ರಿಕ್ವೆಸ್ಟ್ ಮಾಡ್ಬೇಕು!

ಸಕಾಲ ಇದೆಯಲ್ಲ ಅಂತೀರಾ. ಇದೆ. ಸರ್ಕಾರಿ ಸೇವೆ ಗಡುವಿನೊಳಗೆ ಕೊಡ್ಬೇಕು ಅನ್ನೋ 2011ರ ಕಾಯ್ದೆ, 2012ರಿಂದ ಜಾರಿ, ಲೇಟಾದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚಂದ್ರೆ 500 ರೂಪಾಯಿ ಪರಿಹಾರ, ಅದನ್ನ ತಪ್ಪು ಮಾಡಿದ ನೌಕರನ ಸಂಬಳದಿಂದ ವಸೂಲಿ ಮಾಡ್ಬಹುದು. ಕಾಗದದ ಮೇಲೆ ಸೂಪರ್. ಆದ್ರೆ ಗಡುವು ಇರೋದು ಒಂದೊಂದು ಸೇವೆಗೆ ಬೇರೆ ಬೇರೆ. ವಂಶವೃಕ್ಷಕ್ಕೆ ಒಂದು, ಅಳತೆಗೆ ಒಂದು, ಖಾತೆಗೆ ಒಂದು. ಎಲ್ರೂ ಅವ್ರವ್ರ ಗಡುವಲ್ಲೇ ಮುಗ್ಸಿದೀವಿ ಅಂತ ತೋರಿಸ್ಬಹುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಫೈಲ್ ದಾಟೋ ದಿನಗಳು ಮಾತ್ರ ಯಾರ ಲೆಕ್ಕಕ್ಕೂ ಬರಲ್ಲ. ನನ್ ಪ್ರಕಾರ ಇಡೀ ಸಿಸ್ಟಮ್ಮಿನ ದೊಡ್ಡ ತೂತು ಇದೇ. ಮನೆಯೋನಿಗೆ ಬೇಕಾಗಿರೋದು ಖಾತೆ ಯಾವಾಗ ಕೈಗೆ ಸಿಗುತ್ತೆ ಅನ್ನೋ ಒಂದೇ ಡೇಟು, ಆ ಡೇಟು ಹೇಳೋ ಜವಾಬ್ದಾರಿ ಇರೋ ಒಬ್ಬ ಮನುಷ್ಯ ಇಲ್ಲ.

ಬಾಪೂಜಿ ಸೇವಾ ಕೇಂದ್ರದ್ದೂ ಹೆಚ್ಚು ಕಮ್ಮಿ ಇದೇ ಕತೆ. 2016ರಲ್ಲಿ ತಂದಿದ್ದು, ಹೋಬಳಿಗೆ ಹೋಗೋ ಬದ್ಲು ಪಂಚಾಯ್ತಿಲೇ ಪಹಣಿ, ಜಾತಿ ಆದಾಯ ಸರ್ಟಿಫಿಕೇಟಿಗೆ ಅರ್ಜಿ ಎಲ್ಲಾ ಆಗ್ಲಿ ಅಂತ. ಐಡಿಯಾ ಚೆನ್ನಾಗಿದೆ, ಬಸ್ ಚಾರ್ಜು ಉಳಿಯುತ್ತೆ, ವಯಸ್ಸಾದೋರಿಗೆ ನಿಜವಾಗ್ಲೂ ಉಪಕಾರ. ಆದ್ರೆ ಪಂಚಾಯ್ತಿಯೋರು ಅರ್ಜಿ ತಗೊಳ್ಳೋದು ಅಷ್ಟೇ, ಒಪ್ಪಿಗೆ ಕೊಡೋದು ಮತ್ತೆ ಉಪ ತಹಶೀಲ್ದಾರ್ರೇ. ಆಮೇಲೆ 2022ರಲ್ಲಿ ಗ್ರಾಮ ಒನ್ ಅಂತ ಬಂತು, ಅದನ್ನ ನಡೆಸೋದು ಖಾಸಗಿಯೋರು, ಪಂಚಾಯ್ತಿಗೂ ಅದಕ್ಕೂ ಸಂಬಂಧ ಇಲ್ಲ. ನಾಡಕಚೇರಿ, ಬಾಪೂಜಿ ಕೇಂದ್ರ, ಗ್ರಾಮ ಒನ್ ಮೂರೂ ಕಡೆ ಒಂದೇ ಸರ್ಟಿಫಿಕೇಟಿಗೆ ಅರ್ಜಿ ಹಾಕ್ಬಹುದು ಅಂದ್ರೆ ಜನಕ್ಕೆ ಅನುಕೂಲಾನೋ ಗೊಂದಲಾನೋ ನೀವೇ ಹೇಳಿ. ಸರ್ಕಾರಕ್ಕೆ ಕೌಂಟರ್ ಜಾಸ್ತಿ ಮಾಡೋಕೆ ಇಷ್ಟ, ಅಧಿಕಾರ ಬಿಟ್ಟುಕೊಡೋಕೆ ಮಾತ್ರ ಕಷ್ಟ.

ಇದೇ ಕರ್ನಾಟಕದಲ್ಲಿ ನಜೀರ್ ಸಾಬ್ರು ಅಂತ ಮಿನಿಸ್ಟರ್ ಇದ್ರು, ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ, ಬೋರ್‌ವೆಲ್ ಕೊರ್ಸಿ ಕೊರ್ಸಿ ನೀರ್ ಸಾಬ್ ಅಂತಲೇ ಹೆಸರಾಗಿದ್ದೋರು. ಪಂಚಾಯ್ತಿಗಳಿಗೆ ಅಧಿಕಾರ ಕೊಟ್ಟ 1983ರ ಕಾಯ್ದೆ ಅವ್ರ ಕಾಲದ್ದು, 1987ರಲ್ಲಿ ಜಿಲ್ಲಾ ಪರಿಷತ್ತು ಮಂಡಲ ಪಂಚಾಯ್ತಿಗೆ ಎಲೆಕ್ಷನ್ ಆಯ್ತು. ನಮ್ ದೊಡ್ಡಪ್ಪ ಈಗ್ಲೂ ಹೇಳ್ತಾರೆ, ಆಗ ಆಫೀಸರ್‌ಗಳು ಮಂಡಲ ಪ್ರಧಾನರ ಮುಂದೆ ಎದ್ದು ನಿಲ್ತಿದ್ರು ಅಂತ. ದೊಡ್ಡಪ್ಪ ಸ್ವಲ್ಪ ಉಪ್ಪು ಖಾರ ಹಾಕ್ತಾರೆ ಬಿಡಿ. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದಿದ್ದು 1993ರಲ್ಲಿ, ಅದರಲ್ಲಿ ಪಂಚಾಯ್ತಿಗಳಿಗೆ ಅಂತ 29 ವಿಷಯದ ಪಟ್ಟಿ ಇದೆ. ಪಟ್ಟಿ ಇದೆ ಸರಿ, ಆದ್ರೆ ಆ ಕೆಲ್ಸ ಮಾಡೋ ಎಷ್ಟೋ ನೌಕರರ ವರ್ಗಾವಣೆ ಪ್ರಮೋಷನ್ ಎಲ್ಲಾ ಅವ್ರವ್ರ ಇಲಾಖೆ ಕೈಯಲ್ಲೇ ಇದ್ರೆ ಅವ್ರು ಯಾರ ಮಾತು ಕೇಳ್ತಾರೆ? ಮೇಲಿನ ಹಂತದ ಕತೆ ಇನ್ನೂ ಚೆನ್ನಾಗಿದೆ, ಜಿಲ್ಲಾ ತಾಲ್ಲೂಕು ಪಂಚಾಯ್ತಿಗೆ 2016ರಲ್ಲಿ ಎಲೆಕ್ಷನ್ ಆಗಿದ್ದು, 2021ಕ್ಕೆ ಅವಧಿ ಮುಗೀತು, ಆಮೇಲೆ ವರ್ಷಗಟ್ಲೆ ಮೆಂಬರ್‌ಗಳೇ ಇಲ್ದೆ ಆಡಳಿತಾಧಿಕಾರಿ ಮೇಲೆ ನಡೀತು. ತಾಲ್ಲೂಕು ಮಟ್ಟದಲ್ಲಿ ಫೈಲ್ ನಿಂತ್ರೆ ಕೇಳೋಕೆ ನಮ್ ಕಡೆಯೋರು ಯಾರಿದ್ರು, ಸೀದಾ ಎಮ್ಮೆಲ್ಲೆ ಮನೆ ಬಾಗಿಲಿಗೆ ಹೋಗ್ಬೇಕು.

ದುಡ್ಡಿನ ವಿಷ್ಯಾನೂ ಹೀಗೇ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಗ್ರಾಂಟಲ್ಲಿ ಶೇ 60 ನೀರು ಮತ್ತೆ ನೈರ್ಮಲ್ಯಕ್ಕೆ ಅಂತ ಕಟ್ಟು ಹಾಕಿದ್ರು, ಉಳಿದ ಶೇ 40ರಲ್ಲಿ ಊರಿಗೆ ಏನ್ ಬೇಕೋ ನೋಡ್ಕೋಬೇಕಿತ್ತು.

ಈಗ ಚೆನ್ನಾಗಿರೋದು ಹೇಳ್ತೀನಿ, ಬರೀ ಬೈದ್ರೆ ಸರಿ ಇರಲ್ಲ. ಮನೆ ಕಂದಾಯ ಕಟ್ಟಿದ್ದು ಚಹಾ ಕುಡಿಯೋ ಅಷ್ಟು ಹೊತ್ತಲ್ಲಿ ಮುಗೀತು, ರಸೀದಿ ಕೈಗೆ ಬಂತು. ಬೀದಿ ದೀಪ ಹೋಗಿದೆ ಅಂತ ಹೇಳಿದ್ರೆ ಬಲ್ಬ್ ಹಾಕ್ತಾರೆ, ನೀರುಗಂಟಿಗೆ ಫೋನ್ ಮಾಡಿದ್ರೆ ಎತ್ತುತ್ತಾನೆ, ಎತ್ತದಿದ್ರೆ ಅವ್ನ ಮನೆ ಎಲ್ಲಿ ಅಂತ ಎಲ್ರಿಗೂ ಗೊತ್ತು. ಇನ್ನೊಂದು ನನ್ಗೇ ಆಶ್ಚರ್ಯ ಆಗಿದ್ದು ಲೈಬ್ರರಿ. ಹಳ್ಳಿ ಲೈಬ್ರರಿಗಳು ಮೊದ್ಲು ಸಾರ್ವಜನಿಕ ಗ್ರಂಥಾಲಯ ಇಲಾಖೆ ಕೆಳಗೆ ಇದ್ವು, 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ್ವು. ಕೊರೋನಾ ಟೈಮಲ್ಲಿ ಓದುವ ಬೆಳಕು ಅಂತ ಕಾರ್ಯಕ್ರಮ ಮಾಡಿ ಮಕ್ಕಳಿಗೆ ಫ್ರೀ ಮೆಂಬರ್‌ಶಿಪ್ ಕೊಟ್ರು, ಈಗ ಅರಿವು ಕೇಂದ್ರ ಅಂತ ಬೋರ್ಡಿದೆ. ಕಂದಾಯದ ಜೊತೆ ಲೈಬ್ರರಿ ಸೆಸ್ ಅಂತ ಎಷ್ಟೋ ವರ್ಷದಿಂದ ಕಟ್ತಿದ್ವಿ, ಅದಕ್ಕೊಂದು ಮುಖ ಕಂಡಿದ್ದು ಈಗ. ನಮ್ಮಲ್ಲಿ ಕಾಂಪಿಟೇಟಿವ್ ಎಕ್ಸಾಮಿಗೆ ಓದೋ ಹುಡುಗ್ರು ಸಂಜೆವರೆಗೂ ಅಲ್ಲೇ ಕೂತಿರ್ತಾರೆ. ಇದ್ಯಾಕೆ ಆಯ್ತು ಅಂದ್ರೆ ಜಾಗ, ರಿಪೇರಿ, ಉಸ್ತುವಾರಿ ಎಲ್ಲಾ ಒಂದೇ ಕಡೆ ಬಂತು, ಪುಸ್ತಕದ ಕಪಾಟು ಬೇಕು ಅಂದ್ರೆ ಇನ್ನೊಂದು ಇಲಾಖೆ ಸಹಿಗೆ ಕಾಯ್ಬೇಕಿಲ್ಲ.

ನೀರಿನ ನಲ್ಲಿ ಬಗ್ಗೆ ಎರಡು ಮಾತು. ಜಲ ಜೀವನ್ ಮಿಷನ್ನಲ್ಲಿ ತಲಾ ದಿನಕ್ಕೆ 55 ಲೀಟರ್ ಅಂತ ಗುರಿ, ಪೈಪ್ ಹಾಕ್ಸೋದು ಗ್ರಾಮೀಣ ಕುಡಿಯುವ ನೀರು ಇಲಾಖೆ, ಆಮೇಲೆ ನಡೆಸ್ಕೊಂಡು ಹೋಗೋದು ಪಂಚಾಯ್ತಿ. ನಮ್ಮ ಬೀದಿಲಿ ರಸ್ತೆ ಅಗೆದು ಪೈಪ್ ಹಾಕಿ ಹಾಗೇ ಬಿಟ್ಟು ಹೋದ್ರು ಕಂಟ್ರಾಕ್ಟರು, ಪೂರ್ತಿ ಕೆಲ್ಸ ಆಗದೆ ಹಸ್ತಾಂತರ ತಗೊಳ್ಳಲ್ಲ ಅಂತ ಪಂಚಾಯ್ತಿಯೋರು ಪಟ್ಟು ಹಿಡಿದ್ರು. ಹಿಡಿದಿದ್ದು ಸರಿ ಅಂತಲೇ ನಾನ್ ಹೇಳೋದು, ಗುಂಡಿ ಸಮೇತ ಸೈನ್ ಹಾಕಿ ತಗೊಂಡಿದ್ರೆ ನಾಳೆ ಅದರ ಖರ್ಚು ನಮ್ ಕಂದಾಯದ ದುಡ್ಡಲ್ಲೇ ಹೋಗೋದು.

ಇ-ಖಾತೆಗೆ ಹೋಗೋರಿಗೆ ಒಂದೆರಡು ಟಿಪ್ಸ್. ಪಂಚಾಯ್ತಿಗೆ ಹೋಗೋ ಮೊದ್ಲೇ ನಾಡಕಚೇರಿಲಿ ವಂಶವೃಕ್ಷಕ್ಕೆ ಹಾಕ್ಬಿಡಿ, ಅದೇ ಫಸ್ಟ್ ಬೇಕಾಗೋದು. ಹಳೇ ಕಂದಾಯ ರಸೀದಿ ಎಸೀಬೇಡಿ, ಬಾಕಿ ಇದ್ರೆ ಕಟ್ಟಿ. ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ಮತ್ತೆ ಸಕಾಲ ನಂಬರ್ ಕೇಳಿ ತಗೊಳ್ಳಿ, ಆಮೇಲೆ ಕೊಡ್ತೀವಿ ಹೋಗಿ ಅಂದ್ರೆ ಅಲ್ಲೇ ನಿಂತ್ಕೊಳ್ಳಿ. ಸರ್ವೆಯರ್ ಬರೋ ದಿನ ಅಕ್ಕಪಕ್ಕದ ಮನೆಯೋರಿಗೆ ಮೊದ್ಲೇ ಹೇಳಿಡಿ, ಗೋಡೆ ನಂದು ನಿಂದು ಅಂತ ಅವತ್ತು ಜಗಳ ಶುರುವಾದ್ರೆ ಅವ್ನು ಟೇಪು ಸುತ್ಕೊಂಡು ಹೊರಟ್ಬಿಡ್ತಾನೆ, ಮತ್ತೆ ಯಾವಾಗ ಬರ್ತಾನೋ. ಖಾತೆ ಕೈಗೆ ಬಂದ ತಕ್ಷಣ ಹೆಸರು, ಅಳತೆ, ಚೆಕ್ಕುಬಂದಿ ನಾಲ್ಕೂ ದಿಕ್ಕು ಅಲ್ಲೇ ಕೂತು ಓದಿ, ಅಕ್ಷರ ತಪ್ಪಿದ್ರೆ ತಿದ್ದುಪಡಿಗೆ ಮತ್ತೆ ಹೊಸ ಅರ್ಜಿ ಕೊಡ್ಬೇಕು.