ಪಟ್ಟದ ಗೊಂಬೆಗೆ ಪತ್ರೊಡೆ: ಒಂದು ಪಾಲಿಮರ್ ಕ್ಲೇ ಸೆಟ್‌ನ ಕತೆ

ಹೋದ ವರ್ಷ ದಸರಾಕ್ಕೆ ಪಟ್ಟದ ಗೊಂಬೆಗಳ ಮುಂದೆ ಇಡೋಣ ಅಂತ ಗಾಳಿಗೆ ಒಣಗುವ ಕ್ಲೇಯಲ್ಲಿ ಪುಟ್ಟ ಪುಟ್ಟ ತಿಂಡಿ ಮಾಡಿದ್ದೆವು. ಮಾಡಿದ್ದು ಆಗಸ್ಟ್‌ನಲ್ಲಿ, ಅದೂ ತೀರ್ಥಹಳ್ಳಿ ಮಳೆಯಲ್ಲಿ. ವಾರ ಕಳೆದರೂ ಒಣಗಲಿಲ್ಲ, ಇಡ್ಲಿಗೆ ಬೂಷ್ಟು ಬಂತು. ಅಸಲಿ ಇಡ್ಲಿ ಹಾಗೇ ನಕಲೀನೂ ಹಳಸ್ತಲ್ಲ ಅಂತ ಅಮ್ಮ ನಕ್ಕರು.

ಈ ಸಲ ಆನ್‌ಲೈನ್‌ನಲ್ಲಿ 24 ಬಣ್ಣದ ಪಾಲಿಮರ್ ಕ್ಲೇ ಸೆಟ್ ತರಿಸಿದೆ. ಕ್ಲೇ ಅಂದರೂ ಇದು ಮಣ್ಣಲ್ಲ, ಪಿವಿಸಿ ಪ್ಲಾಸ್ಟಿಕ್. ಇದರಲ್ಲಿ ನೀರಿನ ಅಂಶ ಇಲ್ಲ, ಹಾಗಾಗಿ ಮಳೆಗಾಲಕ್ಕೂ ಇದಕ್ಕೂ ಜಗಳವಿಲ್ಲ. ಓವನ್‌ನಲ್ಲಿ ಇಟ್ಟರೆ ಮಾತ್ರ ಗಟ್ಟಿಯಾಗುತ್ತದೆ. ಮೊದಲಿಗೆ ಕಲ್ಲಿನ ಹಾಗಿತ್ತು. ಐದು ನಿಮಿಷ ಚಪಾತಿ ಹಿಟ್ಟಿನ ಥರ ನಾದಿದ ಮೇಲೆ ಚೆನ್ನಾಗಿ ಮೆತ್ತಗಾಯಿತು. ಬಿಳಿ ಬಣ್ಣದ ಕೆಲಸ ಮೊದಲು ಮುಗಿಸಿಬಿಡಿ. ಕೆಂಪು ಮುಟ್ಟಿದ ಕೈಯಲ್ಲಿ ಅನ್ನ ಮಾಡಿದರೆ ಅದು ಬೀಟ್‌ರೂಟ್ ಪಲಾವ್ ಆಗುತ್ತದೆ.

ಜೊತೆಗೆ ಕೊಟ್ಟ ಅಚ್ಚುಗಳು ಸುಮ್ನೆ ವೇಸ್ಟ್. ಬರ್ಗರ್, ಡೋನಟ್, ಪಿಜ್ಜಾ. ಜರಿ ಪೇಟ ಕಟ್ಟಿದ ರಾಜನ ಮುಂದೆ ಬರ್ಗರ್ ಇಡೋದಾ? ಮಗಳು ಇಡೋಣ ಅಂದಳು, ಅದು ಬೇರೆ ವಿಷಯ.

ಆಮೇಲೆ ಅಮ್ಮ ಬಂದು ಕೂತರು. ತೆಳ್ಳಗೆ ಲಟ್ಟಿಸಿದ ಹಸಿರು ಹಾಳೆ, ಅದರ ಮೇಲೆ ಕೆಂಪು-ಕಂದು ಹಾಳೆ, ಬಿಗಿಯಾಗಿ ಸುತ್ತಿ, ಫ್ರಿಜ್‌ನಲ್ಲಿ ಹತ್ತು ನಿಮಿಷ ಇಟ್ಟು, ಬ್ಲೇಡಿನಲ್ಲಿ ಬಿಲ್ಲೆ ಬಿಲ್ಲೆಯಾಗಿ ಕೊಯ್ದರು. ಪತ್ರೊಡೆ! ಕ್ಲೇ ಮಾಡುವವರು ಇದಕ್ಕೆ ಕೇನ್ ಅಂತಾರೆ, ನಾನು ನಾಲ್ಕು ವಿಡಿಯೊ ನೋಡಿಯೂ ನನ್ನದು ಪಿಚಕ್ಕಂತ ಒತ್ತಿಹೋಗಿತ್ತು. ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ, ಪ್ರತಿ ಮಳೆಗಾಲ ಕೆಸುವಿನೆಲೆಯಲ್ಲಿ ಮಾಡುವ ಕೆಲಸವೇ ಅಲ್ವಾ.

ನಮ್ಮ ಗೊಂಬೆ ಒಂದಡಿ ಎತ್ತರ, ಅಂದರೆ ಸುಮಾರು ಆರನೇ ಒಂದು ಪಾಲು ಅಳತೆ. 18 ಸೆಂಟಿಮೀಟರ್ ಅಕ್ಕಿ ರೊಟ್ಟಿ ಇಲ್ಲಿ 3 ಸೆಂಟಿಮೀಟರ್. ಹಳೇ ಟೂತ್‌ಬ್ರಷ್‌ನಿಂದ ಒತ್ತಿ ತರಿ ಮಾಡಿದೆವು. ಕಂದು ಚಾಕ್ ಪೇಸ್ಟಲ್ ಕೆರೆದು ಪುಡಿ ಸವರಿದರೆ ಕೆಂಡದಲ್ಲಿ ಸುಟ್ಟ ಕಲೆ ಥೇಟ್ ಹಾಗೇ ಬರುತ್ತದೆ.

ನನ್ನ ದೊಡ್ಡ ದೂರು ಕೈಪಿಡಿಯ ಬಗ್ಗೆ. "ಓವನ್‌ನಲ್ಲಿ ಬೇಯಿಸಿ" ಅಂತ ಮಾತ್ರ ಇದೆ, ಎಷ್ಟು ಡಿಗ್ರಿ ಅಂತ ಇಲ್ಲ. ಕೊನೆಗೆ ಡಬ್ಬಿಯ ತಳದಲ್ಲಿ ಇರುವೆ ಅಕ್ಷರದಲ್ಲಿ ಸಿಕ್ಕಿತು: 130 ಡಿಗ್ರಿ, 6 ಮಿಲಿಮೀಟರ್ ದಪ್ಪಕ್ಕೆ 15 ನಿಮಿಷ. ನಮ್ಮ ಓಟಿಜಿಯ (ಮನೆಯ ಪುಟ್ಟ ಕರೆಂಟ್ ಓವನ್) ತಿರುಗಣೆ 130ರಲ್ಲೇ ಇತ್ತು, ಆದರೂ ಬಿಳಿ ಅನ್ನ ಕಂದಾಯಿತು. ಥರ್ಮಾಮೀಟರ್ ತಂದು ಇಟ್ಟರೆ ಒಳಗೆ 155! ಅದೊಂದನ್ನು ಮೊದಲೇ ತಗೊಳ್ಳಿ. ಜಾಸ್ತಿ ಕಾದು ಸುಟ್ಟರೆ ಇದರಿಂದ ಕೆಟ್ಟ ಹೊಗೆ ಬರುತ್ತದೆ, ಆಸಿಡ್ ಥರದ್ದು, ಆದ್ದರಿಂದ ಕಿಟಕಿ ತೆಗೆದಿರಿ. ಮೈಕ್ರೋವೇವ್ ಬೇಡವೇ ಬೇಡ. ಲಟ್ಟಣಿಗೆ, ತಟ್ಟೆ ಕ್ಲೇಗೇ ಬೇರೆ ಇಟ್ಟುಬಿಡಿ, ವಾಪಸ್ ಅಡುಗೆಮನೆಗೆ ತರಬೇಡಿ.

ಉಳಿದ ಹಸಿ ಕ್ಲೇಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟಿದ್ದೆ, ಡಬ್ಬಿಯ ತಳವೇ ಅಂಟಂಟಾಗಿ ಕ್ಲೇಗೆ ಕಚ್ಚಿಕೊಂಡಿತ್ತು. ಈಗ ಫಾಯಿಲ್ ಸುತ್ತಿ ಗಾಜಿನ ಬಾಟಲಿಗೆ ಹಾಕಿದ್ದೇನೆ.

ಕ್ಲೇಗೆ ಐದಕ್ಕೆ ನಾಲ್ಕು, ಅಚ್ಚಿಗೂ ಕೈಪಿಡಿಗೂ ಸೇರಿ ಒಂದು. ಹಸಿರು ಮಾತ್ರ ಪೂರ್ತಿ ಖಾಲಿ, ಎಲ್ಲಾ ಪತ್ರೊಡೆಗೇ ಹೋಯಿತು. ಈ ಅಂಗಡಿಯವರು ಬಿಡಿ ಬಣ್ಣ ಮಾರಲ್ಲ. ಹಳದಿಗೆ ನೀಲಿ ಕಲಸಿಕೋ ಅಂತ ಅಮ್ಮ ಹೇಳುತ್ತಿದ್ದಾರೆ, ಮಿಡಿ ಉಪ್ಪಿನಕಾಯಿ ಇನ್ನೂ ಬಾಕಿ ಇದೆಯಂತೆ.