ಸಂರಕ್ಷಕವಿಲ್ಲದ ಗ್ಲಾಕೋಮಾ ಹನಿ: ನಾಲ್ಕು ತಿಂಗಳ ಬಳಕೆಯ ನಂತರ

ನಮ್ಮ ಅವ್ವನಿಗೆ ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಹೆಚ್ಚಿ ನೋಟದ ನರ ಕೆಡುವ ರೋಗ) ಇರುವುದು ಗೊತ್ತಾಗಿ ಏಳು ವರ್ಷಗಳಾದವು. ಬೆಳಿಗ್ಗೆ, ಸಂಜೆ ಟಿಮೊಲಾಲ್, ರಾತ್ರಿ ಲ್ಯಾಟನೊಪ್ರೋಸ್ಟ್ ಎಂಬ ಒತ್ತಡ ಇಳಿಸುವ ಹನಿಗಳನ್ನು ತಪ್ಪದೆ ಹಾಕಿಕೊಳ್ಳುತ್ತಿದ್ದವಳು ಕಳೆದ ವರ್ಷದಿಂದ ಹನಿ ಬಿದ್ದ ಕೂಡಲೇ ಸೆರಗಿನಿಂದ ಕಣ್ಣು ಒತ್ತಿಕೊಂಡು ಕೂತುಬಿಡುತ್ತಿದ್ದಳು. "ಕಣ್ಣಾಗ ಉಸುಕು ಬಿದ್ದಂಗ ಆಗತೈತಿ" ಎಂಬ ಆಕೆಯ ಮಾತನ್ನು ಹುಬ್ಬಳ್ಳಿಯ ಧೂಳಿನ ಲೆಕ್ಕಕ್ಕೆ ಹಾಕಿ ನಾವು ಸುಮ್ಮನಿದ್ದದ್ದು ತಪ್ಪಾಯಿತು. ಉರಿಗೆ ಹೆದರಿ ಆಕೆ ರಾತ್ರಿಯ ಹನಿಯನ್ನು ನಡುನಡುವೆ ಬಿಡುತ್ತಿದ್ದುದು ತಿಳಿದ ಮೇಲೆಯೇ ವೈದ್ಯರಲ್ಲಿಗೆ ಹೋದೆವು.

ಅವರು ಕಣ್ಣಿಗೆ ಹಳದಿ ಬಣ್ಣದ ದ್ರವ ಹಾಕಿ ನೋಡಿ, ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಮೇಲ್ಪದರ ಅಲ್ಲಲ್ಲಿ ಕೆಟ್ಟಿದೆ ಎಂದರು. ಸೀಸೆಯಲ್ಲಿ ಸೂಕ್ಷ್ಮಾಣುಗಳು ಬೆಳೆಯದಂತೆ ಹನಿಗೆ ಬೆರೆಸುವ ಸಂರಕ್ಷಕವಾದ ಬೆಂಜಾಲ್ಕೋನಿಯಂ ಕ್ಲೋರೈಡ್ ಸಾಬೂನಿನಂಥ ಗುಣದ್ದಾಗಿದ್ದು, ಕಣ್ಣೀರಿನ ಮೇಲಿರುವ ಎಣ್ಣೆಯ ತೆಳು ಪದರವನ್ನು ಒಡೆದು, ಕಣ್ಣಿನ ಹೊರಪದರದ ಜೀವಕೋಶಗಳಿಗೂ ಪೆಟ್ಟು ಕೊಡುತ್ತದೆ. ದಿನಕ್ಕೆ ಮೂರು ಸಲ ಎಂದರೆ ಒಂದೊಂದು ಕಣ್ಣಿಗೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಹನಿ. ವರ್ಷಗಟ್ಟಲೆ ಹೀಗೆ ಹಾಕಿದವರ ಕಣ್ಣಿನ ಬಿಳಿಭಾಗದ ಪೊರೆಯಲ್ಲಿ ಉರಿಯೂತ ನಿಂತರೆ, ಮುಂದೆ ಗ್ಲಾಕೋಮಾ ಶಸ್ತ್ರಚಿಕಿತ್ಸೆ ಮಾಡಬೇಕಾದಾಗಲೂ ಅದರ ಫಲಿತಾಂಶ ಕೆಡಬಹುದು.

ವೈದ್ಯರು ರಾತ್ರಿಯ ಹನಿಯನ್ನಷ್ಟೇ ಸಂರಕ್ಷಕವಿಲ್ಲದ ಲ್ಯಾಟನೊಪ್ರೋಸ್ಟ್‌ಗೆ ಬದಲಿಸಿದರು. ಮೂರನೆಯ ವಾರದ ಹೊತ್ತಿಗೆ ಉಸುಕಿನ ಮಾತು ನಿಂತಿತು, ಕೆಂಪು ಬಹಳ ಮಟ್ಟಿಗೆ ಇಳಿಯಿತು, ತಪಾಸಣೆಯಲ್ಲಿ ಕಣ್ಣಿನ ಒತ್ತಡ ಮೊದಲಿನಂತೆ 16 ಮಿ.ಮೀ. ಪಾದರಸದಲ್ಲೇ ಇತ್ತು. ರೆಪ್ಪೆಗೂದಲು ಉದ್ದವಾಗುವುದು, ಕಣ್ಣಿನ ಸುತ್ತ ಕಪ್ಪಾಗುವುದು ಔಷಧದ್ದೇ ಗುಣವಾದ್ದರಿಂದ ಅವು ಹಾಗೆಯೇ ಉಳಿದಿವೆ. ಟಿಮೊಲಾಲ್ ಹಾಕಿದಾಗ ಸ್ವಲ್ಪ ಉರಿಯುವುದೂ ಉಳಿದಿದೆ.

ಕೊಳ್ಳುವಾಗ ಒಂದು ಎಚ್ಚರಿಕೆ ಅಗತ್ಯ. ಡಬ್ಬಿಯ ಮೇಲೆ ಬೆಂಜಾಲ್ಕೋನಿಯಂ ಇಲ್ಲವೆಂದು ಬರೆದ ಮಾತ್ರಕ್ಕೆ ಸಂರಕ್ಷಕವೇ ಇಲ್ಲವೆಂದು ಅರ್ಥವಲ್ಲ. ಪಾಲಿಕ್ವಾಡ್, ಪೊಟ್ಯಾಶಿಯಂ ಸಾರ್ಬೇಟ್ ಮುಂತಾದ ಬೇರೆ ಸಂರಕ್ಷಕಗಳಿರಬಹುದು. ಮೊದಲ ಸಲ ಅಂಗಡಿಯವರು ಅಂಥದ್ದನ್ನೇ ಕೊಟ್ಟಿದ್ದರು, ಪಟ್ಟಿ ಓದಿ ಹಿಂದಿರುಗಿಸಿದೆ. ನಮಗೆ ಬೇಕಾದದ್ದು ತರಿಸಿಕೊಡಲು ಎರಡು ದಿನ ಹಿಡಿಯಿತು, ಬೆಲೆಯೂ ಹೆಚ್ಚು. ಆದರೂ ಹನಿ ತಪ್ಪಿಸುವ ಚಾಳಿ ನಿಂತದ್ದಕ್ಕೆ ಈ ಹಣ ಸಾರ್ಥಕ ಎಂದೇ ನನ್ನ ಅನಿಸಿಕೆ.

ನನ್ನ ದೂರು ಸೀಸೆಯದು. ಹೊರಗಿನ ಸೂಕ್ಷ್ಮಾಣುಗಳು ಒಳಗೆ ಹೋಗದಂತೆ ಮೂತಿಯಲ್ಲಿ ಕವಾಟ ಇರುವುದರಿಂದ ಬಲವಾಗಿ ಒತ್ತಿ ತುಸು ಕಾಯಬೇಕು, ಆಗ ಒಂದು ಹನಿ ಇಳಿಯುತ್ತದೆ. ಗಂಟು ಬಾತ ಅವ್ವನ ಬೆರಳಿಗೆ ಅಷ್ಟು ಬಲವಿಲ್ಲ. ರಾತ್ರಿ ಒಂಬತ್ತಕ್ಕೆ ನಾನೇ ಹಾಕುತ್ತೇನೆ, ನಾನು ಗದಗಿಗೆ ಹೋದ ದಿನ ಪಕ್ಕದ ಮನೆಯ ಹುಡುಗಿ ಬಂದು ಹಾಕುತ್ತಾಳೆ.