‘ಎರಡು ತಿಂಗಳು ಫ್ರೀ’ ಬೋರ್ಡ್ ನೋಡಿ ಮೋಸ ಹೋಗಬೇಡಿ

ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್‌ಗೆ ಹೊಸದಾಗಿ ಬರುವವರು, ಅದರಲ್ಲೂ ಮೊದಲ ಸಲ ಅಪಾರ್ಟ್‌ಮೆಂಟ್ ಹಿಡಿಯುವವರು, ಸಹಿ ಹಾಕುವ ಮುಂಚೆ ಇದನ್ನು ಓದಿಬಿಡಿ. ನಾನು ಲೀಸ್ (ಇಲ್ಲಿ ಬಾಡಿಗೆ ಕರಾರಿಗೇ ಹಾಗನ್ನುತ್ತಾರೆ) ಓದದೆ ಸಹಿ ಹಾಕಿ ಕೈ ಸುಟ್ಟುಕೊಂಡವನು.

2023ರ ಜೂನ್. ಪಾರ್ಮರ್ ಲೇನ್ ಕಡೆ ಹೊಸ ಕಟ್ಟಡ, ಪೇಂಟ್ ವಾಸನೆ ಇನ್ನೂ ಹೋಗಿರಲಿಲ್ಲ. ಗೇಟಿನಲ್ಲಿ ‘ಎರಡು ತಿಂಗಳು ಫ್ರೀ’ ಅಂತ ಬ್ಯಾನರ್. ಒಂದು ಬೆಡ್‌ರೂಮಿಗೆ ತಿಂಗಳಿಗೆ 1,543 ಡಾಲರ್. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟೂ ಓನರ್ ಆಂಟಿ ಹತ್ತಿರ ಬೈಸಿಕೊಂಡು ಬದುಕಿದವನಿಗೆ ಡೆಪಾಸಿಟ್ ಬರೀ 300 ಡಾಲರ್ ಅಂದಾಗ ಸ್ವರ್ಗ ಸಿಕ್ಕ ಹಾಗಾಯಿತು. ಆಫೀಸಿನ ಹುಡುಗಿ ಕುಕೀ ಕೊಟ್ಟಳು. ಅದನ್ನು ತಿನ್ನುತ್ತಾ ಟ್ಯಾಬ್ಲೆಟ್ ಮೇಲೆ ಬೆರಳಲ್ಲೇ ಸಹಿ ಗೀಚುತ್ತಾ ಹೋದೆ. ನಲವತ್ತು ಚಿಲ್ಲರೆ ಪುಟ, ಯಾರು ಓದ್ತಾರೆ?

ಲೀಸ್‌ನಲ್ಲಿ ಬಾಡಿಗೆ ಅಂತ ಇದ್ದದ್ದು 1,543 ಅಲ್ಲ, 1,800. ಲೀಸ್ 14 ತಿಂಗಳದ್ದು. ಫ್ರೀ ಅಂದ ಎರಡು ತಿಂಗಳ 3,600 ಡಾಲರನ್ನು 14 ತಿಂಗಳಿಗೂ ಹಂಚಿ, ತಿಂಗಳಿಗೆ 257 ಕಳೆಯುತ್ತಿದ್ದರು. ಪ್ರತಿ ಬಿಲ್ಲಲ್ಲೂ ಆ ಮೈನಸ್ 257 ಕಣ್ಣಿಗೆ ರಾಚುವ ಹಾಗೆ ಇತ್ತು, ಆದರೆ ಆಟೋಪೇ ಹಾಕಿ ಮಲಗಿದವನು ಬಿಲ್ ಯಾಕೆ ನೋಡುತ್ತಾನೆ ಹೇಳಿ? ಇದರ ಮೇಲೆ ಬಾಗಿಲ ಮುಂದಿನ ಕಸ ಎತ್ತೋಕೆ 30, ಜಿರಳೆ ಔಷಧಿಗೆ 5, ಪಾರ್ಸೆಲ್ ಲಾಕರಿಗೆ 10. ಬೇಡ ಅಂದರೂ ಬಿಡುವುದಿಲ್ಲ.

ಮರುವರ್ಷ ಜೂನ್ ಶುರುವಿನಲ್ಲಿ ರಿನ್ಯೂವಲ್ ಈಮೇಲ್ ಬಂತು. ‘ಕೇವಲ ಶೇ. 3 ಏರಿಕೆ’ ಅಂತೆ. 1,800ರ ಮೇಲೆ ಶೇ. 3 ಅಂದರೆ 1,854. ನಾನು ಕಟ್ಟುತ್ತಿದ್ದದ್ದು 1,543. ಅಂದರೆ ನನ್ನ ಜೇಬಿನ ಲೆಕ್ಕದಲ್ಲಿ ಶೇ. 20!

ತಮಾಷೆ ಏನಂದರೆ ಆಗ ಊರೆಲ್ಲಾ ಆಸ್ಟಿನ್‌ನಲ್ಲಿ ಬಾಡಿಗೆ ಇಳಿಯುತ್ತಿದೆ ಅನ್ನುತ್ತಿತ್ತು. ಅದು ಸುಳ್ಳೂ ಅಲ್ಲ. 2021ರಲ್ಲಿ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಅಂತ ಎಲ್ಲಾ ಕಡೆಯಿಂದ ಜನ ಬಂದು ಬಿದ್ದಾಗ ಬಾಡಿಗೆ ಗಗನಕ್ಕೇರಿತ್ತು. ಅದನ್ನು ನೋಡಿ ಬಿಲ್ಡರ್‌ಗಳು ಕಟ್ಟಲು ಶುರು ಮಾಡಿದ ಮನೆಗಳೆಲ್ಲಾ 2023, 24ರಲ್ಲಿ ಒಟ್ಟಿಗೆ ಬಾಗಿಲು ತೆರೆದವು. ನನ್ನ ಬಾಲ್ಕನಿಯಿಂದಲೇ ಎರಡು ಕ್ರೇನ್ ಕಾಣುತ್ತಿದ್ದವು. ಖಾಲಿ ಮನೆ ತುಂಬಬೇಕು, ಆದರೆ ಕಾಗದದ ಮೇಲಿನ ಬಾಡಿಗೆ ಇಳಿಸಿದರೆ ಬ್ಯಾಂಕಿನವರ ಮುಂದೆ ಕಟ್ಟಡದ ಬೆಲೆಯೂ ಇಳಿಯುತ್ತದೆ. ಅದಕ್ಕೇ ಬಾಡಿಗೆ ಇಳಿಸುವ ಬದಲು ಈ ‘ಫ್ರೀ’ ನಾಟಕ. ಇಳಿದ ದರ ಹೊಸಬರಿಗೆ, ಒಳಗಿದ್ದವನಿಗೆ ಕಾಗದದ ದರ.

ಅನುಮಾನ ಬಂದು ಅವರದೇ ವೆಬ್‌ಸೈಟ್ ತೆಗೆದು ನೋಡಿದೆ. ನನ್ನದೇ ನಕ್ಷೆಯ ಮನೆ, ಒಂದು ಮಹಡಿ ಮೇಲೆ, 1,690, ಜೊತೆಗೆ ಆರು ವಾರ ಫ್ರೀ. ಆಫೀಸಿಗೆ ಹೋಗಿ ಫೋನ್ ತೋರಿಸಿದರೆ ‘ಅದು ಹೊಸಬರಿಗೆ ಮಾತ್ರ’ ಅಂದರು. ಈ ಸಲ ಕುಕೀ ಇರಲಿಲ್ಲ. ಸನಿವೇಲಿನ ಗೆಳೆಯ ‘ಏರಿಕೆಗೆ ಮಿತಿ ಇರುತ್ತಲ್ವಾ’ ಅಂದ. ಅದು ಕ್ಯಾಲಿಫೋರ್ನಿಯಾ ಕಥೆ. ಅಲ್ಲಿ 2020ರಿಂದ ವರ್ಷಕ್ಕೆ ಶೇ. 10 ಮೀರಬಾರದು ಅಂತ ಕಾನೂನಿದೆ, ಅದೂ 15 ವರ್ಷ ದಾಟಿದ ಕಟ್ಟಡಗಳಿಗೆ. ಟೆಕ್ಸಾಸ್‌ನಲ್ಲಿ ಮಾಮೂಲಿ ದಿನಗಳಲ್ಲಿ ಊರಿನ ಆಡಳಿತಕ್ಕೆ ಬಾಡಿಗೆ ಕಟ್ಟಿಹಾಕುವ ಅಧಿಕಾರವೇ ಇಲ್ಲ.

ಸಿಟ್ಟು ಬಂದು ಎದುರು ರಸ್ತೆಯ ಕಟ್ಟಡದಲ್ಲಿ ಸೆಪ್ಟೆಂಬರ್ 1ರಿಂದ ಮನೆ ಹಿಡಿದೆ. ಅಲ್ಲಿಗೆ ಬಚಾವ್ ಅಂದುಕೊಂಡರೆ ಅಸಲಿ ಹೊಡೆತ ಆಗ ಬಿತ್ತು. ಬಿಡುತ್ತೇನೆ ಅಂತ ಜೂನ್‌ನಲ್ಲೇ ಬಾಯಲ್ಲಿ ಹೇಳಿದ್ದೆ, ಅದು ಲೆಕ್ಕಕ್ಕಿಲ್ಲವಂತೆ. 60 ದಿನ ಮುಂಚೆ ಬರಹದಲ್ಲಿ ಕೊಡಬೇಕಿತ್ತು. ನಾನು ಬರೆದುಕೊಟ್ಟದ್ದು ಜುಲೈ 10ಕ್ಕೆ. ಲೀಸ್ ಮುಗಿದದ್ದು ಆಗಸ್ಟ್ 31ಕ್ಕೆ. ಎಂಟೇ ದಿನ ತಡ, ಆದರೆ ಪೂರ್ತಿ ಸೆಪ್ಟೆಂಬರ್ ಕಟ್ಟಿಸಿಕೊಂಡರು. ರಿಯಾಯಿತಿ ಮುಗಿದಿದ್ದರಿಂದ 1,800, ತಿಂಗಳ ಲೆಕ್ಕದಲ್ಲಿ ಇರುವುದಕ್ಕೆ ಇನ್ನೂ 300. ಖಾಲಿ ಮನೆಗೆ 2,100 ಡಾಲರ್!

ಎಚ್-1ಬಿ ಕೆಲಸದ ವೀಸಾ ಮೇಲೆ ಇರುವವರು ಇನ್ನೊಂದು ಸಾಲು ಹುಡುಕಿ. ಮಧ್ಯದಲ್ಲಿ ಲೀಸ್ ಮುರಿದರೆ ಅಲ್ಲಿಯವರೆಗೆ ಸಿಕ್ಕ ರಿಯಾಯಿತಿಯನ್ನೆಲ್ಲಾ ವಾಪಸ್ ಕೊಡಬೇಕು ಅಂತ ನನ್ನ ಲೀಸ್‌ನಲ್ಲಿತ್ತು, ಮೇಲೆ ಒಂದು ತಿಂಗಳ ಬಾಡಿಗೆಯ ಶೇ. 85 ದಂಡ. ಕೆಲಸ ಹೋಗಿ, ವೀಸಾ ಉಳಿಸಿಕೊಳ್ಳಲು 60 ದಿನದಲ್ಲಿ ಇನ್ನೊಂದು ಹುಡುಕುವ ಗಡಿಬಿಡಿಯಲ್ಲಿ ಈ ಬಿಲ್ಲೂ ಬಂದರೆ ಏನು ಗತಿ?

ಡೆಪಾಸಿಟ್ ವಿಷಯದಲ್ಲಿ ಮಾತ್ರ ಬುದ್ಧಿ ಬಂದಿತ್ತು. ಹೊಸ ವಿಳಾಸವನ್ನು ಬರಹದಲ್ಲೇ ಕೊಟ್ಟೆ, ಇಲ್ಲದಿದ್ದರೆ ಡೆಪಾಸಿಟ್ ವಾಪಸ್ ಕೊಡುವ ಇಲ್ಲಿನ 30 ದಿನದ ಗಡುವು ಅವರಿಗೆ ಅಂಟುವುದಿಲ್ಲ. 29ನೇ ದಿನ ಚೆಕ್ ಬಂತು, 180 ಡಾಲರ್. ಊರಿಂದ ತಂದ ಪಂಚಾಂಗದ ಕ್ಯಾಲೆಂಡರ್ ನೇತುಹಾಕಿದ್ದ ಒಂದು ಮೊಳೆ ತೂತಿಗೆ 120 ಹಿಡಿದಿದ್ದರು.